ಅಕ್ಕ, ಯಲ್ಲಪ್ಪ ಮತ್ತು ಮೂರನೆಯ ತಟ್ಟೆ

ಕುಷ್ಟಗಿ

ಗಿರಿಜಕ್ಕ ನೆದರ್ಲೆಂಡ್ಸಿಗೆ ಹೋಗಿಬಂದ ಸುದ್ದಿ ಹನುಮಸಾಗರದ ಬಸ್ ನಿಲ್ದಾಣದಲ್ಲಿ ಎಷ್ಟು ಬೆಳೆದಿದೆಯೆಂದರೆ, ಅಲ್ಲಿಯ ದೊಡ್ಡ ಆಸ್ಪತ್ರೆಯೊಂದನ್ನು ಅವಳೇ ರಿಪೇರಿ ಮಾಡಿಕೊಟ್ಟು ಬಂದಳೆಂದು ಜನ ಮಾತಾಡಿಕೊಳ್ಳುತ್ತಾರೆ. ಅಕ್ಕ ಇದನ್ನು ಅಲ್ಲಗಳೆಯುವುದಿಲ್ಲ. ಸುಮ್ಮನೆ ಸೆರಗು ಸರಿಮಾಡಿಕೊಳ್ಳುತ್ತಾಳೆ. ಜೊತೆಗೆ ಹೋಗಿದ್ದವಳು ನಾನು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾವು ಹೋಗಿದ್ದ ಊರಿನ ಹೆಸರನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿಯ ಜನ ಒಳ್ಳೆಯವರು, ಅವರ ಮರ್ಯಾದೆಯನ್ನೂ ನೋಡಬೇಕಲ್ಲ.

ನಾನು ಗಂಗಾವತಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ತವರು ಯಲಬುರ್ಗಾ. ಅಕ್ಕನನ್ನು ಕುಷ್ಟಗಿ ಕಡೆ ಕೊಟ್ಟಿದೆ. ಅಲ್ಲಿ ಬೀಜದ ಹೊಲಗಳು ಹೆಚ್ಚು. ಬೆಂಡೆ, ಟೊಮೆಟೊ, ಮೆಣಸಿನಕಾಯಿಗಳ ಹೆಣ್ಣು ಸಾಲಿನ ಹೂವಿಗೆ ಗಂಡು ಸಾಲಿನ ಪರಾಗವನ್ನು ಕೈಯಿಂದಲೇ ಮುಟ್ಟಿಸಿ, ಮುಟ್ಟಿಸಿದ ಹೂವಿಗೆ ಗುರುತಿನ ದಾರ ಕಟ್ಟುವ ಕೆಲಸ. ಹೊಲದಲ್ಲಿ ಇದನ್ನು ಕ್ರಾಸಿಂಗ್ ಅನ್ನುತ್ತಾರೆ. ಇಪ್ಪತ್ತು ವರ್ಷ ಅಕ್ಕ ಕ್ರಾಸಿಂಗಿನಲ್ಲಿ ಎಲ್ಲರಿಗಿಂತ ಚುರುಕು ಅನ್ನಿಸಿಕೊಂಡಿದ್ದಳು. ಆಮೇಲೆ ಅವಳ ಎದೆಯಲ್ಲಿ ಗಂಟು ಕಾಣಿಸಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ಕಿಮೊಥೆರಪಿ ಆಯಿತು. ಗಂಟು ಹೋಯಿತು. ಜೊತೆಗೆ ಬೆರಳ ತುದಿಯ ಸ್ಪರ್ಶವೂ ಹೋಯಿತು. ಹೂವಿನ ಎಸಳು ಕೈಯಲ್ಲಿದೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿಯೇ ತಿಳಿಯಬೇಕು. ಹೊಲದ ಮಾಲೀಕರು ಅವಳನ್ನು ಬಿಡದೆ ಮೇಲ್ವಿಚಾರಣೆಗೆ ಹಾಕಿದರು. ಈಗ ಅವಳ ಕೆಲಸ ಬೇರೆಯವರು ಕಟ್ಟಿದ ದಾರ, ಬೇರೆಯವರು ಹಚ್ಚಿದ ಚೀಟಿ ಸರಿಯಿದೆಯೋ ಇಲ್ಲವೋ ನೋಡುವುದು. ಆ ಕೆಲಸದಲ್ಲಿ ಅವಳನ್ನು ಕಂಡರೆ ಎಲ್ಲರಿಗೂ ಹೆದರಿಕೆ.

ಆಸ್ಪತ್ರೆಯಲ್ಲಿ ಅಕ್ಕನ ಪಕ್ಕದ ಹಾಸಿಗೆಯಲ್ಲಿ ಕನಕಗಿರಿಯ ಹೆಂಗಸೊಬ್ಬಳಿದ್ದಳು. ಅದೇ ರೋಗ, ಅದೇ ಔಷಧ, ಹೆಚ್ಚುಕಡಿಮೆ ಅಷ್ಟೇ ತೂಕ. ಅವಳ ಬೆರಳಿಗೆ ಏನೂ ಆಗಲಿಲ್ಲ. ವಾಪಸು ಹೋಗಿ ಸಂತೆಯಲ್ಲಿ ಕುಳಿತು ಮಲ್ಲಿಗೆ ಕಟ್ಟಿ ಮಾರುತ್ತಿದ್ದಾಳೆ. ಆಕಿಗೆ ಯಾಕ ಆಗಲಿಲ್ಲ, ನನಗ ಯಾಕ ಆತು ಎಂದು ಅಕ್ಕ ಕಂಡ ಕಂಡ ಡಾಕ್ಟರನ್ನೆಲ್ಲ ಕೇಳಿದಳು. ಒಬ್ಬೊಬ್ಬರ ದೇಹಪ್ರಕೃತಿ ಒಂದೊಂದು ಥರ ಅಂದರು ಅವರು. ಅಕ್ಕನಿಗೆ ಆ ಉತ್ತರ ಒಂಚೂರೂ ಸೇರಲಿಲ್ಲ. ಅದು ಉತ್ತರವಲ್ಲ, ತನ್ನ ಪ್ರಶ್ನೆಯನ್ನೇ ಬಿಳಿ ಕೋಟು ಹಾಕಿಸಿ ತಿರುಗಿ ಕಳಿಸಿದ್ದಾರೆ ಎಂದು ಅವಳ ವಾದ.

ಆ ಪ್ರಶ್ನೆ ನನಗೂ ಅಂಟಿಕೊಂಡಿತು. ಇದರ ಮೇಲೆಯೇ ಕೆಲಸ ಮಾಡುವವರು ಜಗತ್ತಿನಲ್ಲಿ ಇದ್ದಾರೆಂದು ತಿಳಿದು ಓದತೊಡಗಿದೆ. ಓದುತ್ತ ಓದುತ್ತ ನೆದರ್ಲೆಂಡ್ಸಿನ ಒಂದು ಪ್ರಯೋಗಾಲಯಕ್ಕೆ ಅವರ ಲೆಕ್ಕದ ವಿಧಾನದ ಬಗ್ಗೆ ಒಂದು ಸಂಶಯ ಬರೆದೆ. ನಮ್ಮ ಕಡೆ ಹೀಗೆ ಬರೆದರೆ ಉತ್ತರ ಬರುವುದಿಲ್ಲ. ಅವರಿಂದ ಆಮಂತ್ರಣ ಬಂತು. ಹತ್ತು ದಿನ ಬಂದು ಜೊತೆಗೆ ಕೂತು ಲೆಕ್ಕ ಮಾಡಿ ಅಂದರು. ಜೊತೆಯಲ್ಲಿದ್ದ ಅರ್ಜಿಯಲ್ಲಿ ಒಂದು ಸಾಲಿತ್ತು: ಈ ಔಷಧ ತೆಗೆದುಕೊಂಡ ಅನುಭವವಿರುವ ಯಾರಾದರೂ ನಿಮ್ಮೊಡನೆ ಬರುವವರಿದ್ದಾರೆಯೇ? ಕಿಡಿಗೇಡಿತನಕ್ಕೆ ಅಕ್ಕನ ಹೆಸರು ಬರೆದೆ. ಭಾಳ ಸಂತೋಷ ಎಂದು ಮಾರುತ್ತರ ಬಂತು. ಅಕ್ಕನಿಗೆ ಹೇಳಿದರೆ, ಮೆಣಸಿನಕಾಯಿ ಕ್ರಾಸಿಂಗ್ ಶುರುವಾಗುವುದರೊಳಗೆ ವಾಪಸು ಬರುತ್ತೇವೋ ಇಲ್ಲವೋ ಎಂದಷ್ಟೇ ಕೇಳಿದಳು.

ಅಟ್ಟ

ಪ್ರಯೋಗಾಲಯದ ಮುಖ್ಯಸ್ಥೆಯ ಹೆಸರು ಮಾರೈಕೆ. ಐವತ್ತೆಂಟರ ಆಸುಪಾಸಿನ, ಬೆನ್ನು ನೆಟ್ಟಗಿರುವ, ಬಿಳಿ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ ಹೆಂಗಸು. ರೈಲು ನಿಲ್ದಾಣಕ್ಕೆ ತಾನೇ ಬಂದಿದ್ದಳು. ಬಂದದ್ದು ಸೈಕಲ್ಲಿನಲ್ಲಿ. ನಮ್ಮ ಎರಡು ಸೂಟ್‌ಕೇಸುಗಳನ್ನು ಸೈಕಲ್ಲಿನ ಹಿಂದೆ ಮುಂದೆ ಹೇರಿ ತಳ್ಳಿಕೊಂಡು ನಡೆದಳು. ಅಷ್ಟು ದೊಡ್ಡ ಪ್ರೊಫೆಸರಿಗೆ ಒಬ್ಬ ಜವಾನನೂ ಇಲ್ಲವೇ ಎಂದು ಅಕ್ಕ ಮರುಗಿದಳು. ಮಾರೈಕೆ ಎಂಬ ಹೆಸರು ಅವಳ ಬಾಯಲ್ಲಿ ನಿಲ್ದಾಣ ದಾಟುವುದರೊಳಗೆ ಮಾರೆವ್ವ ಆಯಿತು.

ಊರಿನ ತುಂಬ ಕಾಲುವೆ. ಗಂಗಾವತಿಯವಳಾದ ನನಗೆ ಕಾಲುವೆ ಹೊಸದಲ್ಲ. ಆದರೆ ನಮ್ಮ ಪಕ್ಕದ ಶ್ರೀರಾಮನಗರದ ಕಡೆ ಕಾಲುವೆಯ ನೀರು ಗದ್ದೆಗೆ ಹೋಗಿ ಅಕ್ಕಿಯಾಗುತ್ತದೆ. ಇಲ್ಲಿಯ ನೀರು ಏನೂ ಕೆಲಸ ಮಾಡದೆ ಮನೆಗಳ ಮುಂದೆ ಕೂತಿತ್ತು. ಅಕ್ಕ ಇದನ್ನು ನೋಡಿ, ಈ ನೀರಿನ ಅರ್ಧ ಯಲಬುರ್ಗಾಕ್ಕೆ ತಿರುಗಿಸಿದರೆ ಇವರಿಗೆ ಗೊತ್ತೂ ಆಗುವುದಿಲ್ಲ ಅಂದಳು. ಮಾರೈಕೆ ಏನೆಂದು ಕೇಳಿದಳು. ಊರು ಚೆಂದವಿದೆ ಅನ್ನುತ್ತಿದ್ದಾಳೆ ಎಂದು ಅನುವಾದಿಸಿದೆ.

ಅಷ್ಟರಲ್ಲಿ ಮೊದಲ ಅಚಾತುರ್ಯ ನಡೆಯಿತು. ರಸ್ತೆಯ ಪಕ್ಕ ಕೆಂಪು ಬಣ್ಣದ ನುಣುಪಾದ ಪಟ್ಟಿಯೊಂದಿತ್ತು. ಅಕ್ಕ ಅದು ನಡೆಯುವವರಿಗೆ ಹಾಸಿದ್ದೆಂದು ತಿಳಿದು ನಟ್ಟ ನಡುವೆ ಗಂಭೀರವಾಗಿ ನಡೆದಳು. ಅದು ಸೈಕಲ್ ದಾರಿ. ಹಿಂದಿನಿಂದ ಗಂಟೆಗಳು ಮೊಳಗಿದವು. ಮಕ್ಕಳನ್ನು ಸೈಕಲ್ಲಿನ ಮುಂದಿನ ಡಬ್ಬಿಯಲ್ಲಿ ತುಂಬಿಕೊಂಡ ತಾಯಂದಿರು, ಟೈ ಕಟ್ಟಿದ ಮುದುಕರು ಎಡಕ್ಕೂ ಬಲಕ್ಕೂ ಸೀಳಿ ಹೋದರು. ಅಕ್ಕ ಎಲ್ಲರಿಗೂ ಕೈಮುಗಿದಳು. ಬಂದವರನ್ನು ಗಂಟೆ ಬಾರಿಸಿ ಬರಮಾಡಿಕೊಳ್ಳುವುದು ಇಲ್ಲಿಯ ಪದ್ಧತಿಯೆಂದು ಅವಳು ತಿಳಿದಿದ್ದಳು. ನಾನು ತಿದ್ದಲಿಲ್ಲ.

ನಮ್ಮ ವಸತಿ ಮಾರೈಕೆಯ ಮನೆಯ ಅಟ್ಟದಲ್ಲಿ. ಆ ಮೆಟ್ಟಿಲುಗಳಿಗೆ ಮೆಟ್ಟಿಲು ಅನ್ನುವುದು ಸೌಜನ್ಯದ ಮಾತು, ಅವು ಏಣಿ. ಹತ್ತುವಾಗ ಮುಂದಿನವರ ಹಿಮ್ಮಡಿ ಹಿಂದಿನವರ ಹಣೆಗೆ ಬರುತ್ತದೆ. ಕೆಳಗಿನ ಶೌಚಾಲಯದ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿತ್ತು. ಅದರಲ್ಲಿ ನೆಂಟರಿಷ್ಟರೆಲ್ಲರ ಹುಟ್ಟಿದ ದಿನ ಬರೆದಿತ್ತು. ಇಲ್ಲಿ ಎಲ್ಲರ ಮನೆಯಲ್ಲೂ ಅದು ಅಲ್ಲಿಯೇ ಇರುತ್ತದಂತೆ, ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳಲಿ ಎಂದು. ಮಾರೈಕೆ ಪ್ರೀತಿಯಿಂದ ಅಕ್ಕನ ಹುಟ್ಟಿದ ದಿನವನ್ನೂ ಕೇಳಿ ಬರೆದುಕೊಂಡಳು. ಬರೆದದ್ದು ಎಲ್ಲಿ ಎಂದು ಮರುದಿನ ಬೆಳಿಗ್ಗೆ ಅಕ್ಕನಿಗೆ ಗೊತ್ತಾಯಿತು.

ಸೋಮವಾರ

ಪ್ರಯೋಗಾಲಯದಲ್ಲಿ ಅಕ್ಕನ ಕೊರಳಿಗೆ ಒಂದು ಗುರುತುಚೀಟಿ ಹಾಕಿದರು. ಅದರಲ್ಲಿ ಅವರ ಭಾಷೆಯಲ್ಲಿ ಒಂದು ಮಾರುದ್ದದ ಶಬ್ದವಿತ್ತು. ಅನುಭವದಿಂದ ತಜ್ಞೆಯಾದವಳು ಎಂದು ಅರ್ಥವಂತೆ. ನನ್ನ ಚೀಟಿಯಲ್ಲಿ ಅತಿಥಿ ಎಂದಷ್ಟೇ ಇತ್ತು. ಅಕ್ಕ ಎರಡನ್ನೂ ಓದಿಸಿಕೊಂಡು, ಅಂದಿನಿಂದ ಬಾಗಿಲುಗಳಲ್ಲಿ ನನಗಿಂತ ಮುಂದೆ ನಡೆಯತೊಡಗಿದಳು.

ಕೆಲಸ ತೋರಿಸಲು ಬಂದವನು ಯೆಲ್ಲೆ. ಮೂವತ್ತು ದಾಟಿದವನು, ಒಂದು ಮಗುವಿನ ತಂದೆ, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಈ ಅಧ್ಯಯನವೇ ಅವನ ಪಿಎಚ್‌ಡಿ. ಹೆಸರು ಕೇಳಿದ್ದೇ ಅಕ್ಕ, ಯಲ್ಲಪ್ಪ ಅಂದರ ಬಾಯಿಗೆ ಸರಳ ಅಂದಳು. ಅವನು ಹೇಳಿ ನೋಡಿಕೊಂಡ, ಅವನಿಗೂ ಇಷ್ಟವಾಯಿತು. ಸಂಜೆಯೊಳಗೆ ಇಡೀ ಪ್ರಯೋಗಾಲಯ ಅವನನ್ನು ಯಲ್ಲಪ್ಪ ಎಂದು ಕರೆಯತೊಡಗಿತು.

ಯಲ್ಲಪ್ಪ ಹೇಳಿದ್ದನ್ನು ನಾನು ಅಕ್ಕನಿಗೆ ಹೀಗೆ ಹೇಳಿದೆ. ಬೇಕಾದಷ್ಟು ಜನರ ರಕ್ತದಿಂದ ಜೀವಕೋಶ ತೆಗೆದು ಬಟ್ಟಲಲ್ಲಿ ಬೆಳೆಸುತ್ತಾರೆ. ಎಲ್ಲದಕ್ಕೂ ಒಂದೇ ಪ್ರಮಾಣದ ಕಿಮೊ ಔಷಧ ಹಾಕುತ್ತಾರೆ. ಒಬ್ಬರ ಕೋಶಗಳು ಸಾಯುತ್ತವೆ, ಇನ್ನೊಬ್ಬರವು ನೆಗಡಿ ಬಂದವರಂತೆ ಎರಡು ದಿನ ಮಂಕಾಗಿ ಎದ್ದು ಕೂಡುತ್ತವೆ. ಯಾಕೆ ಈ ವ್ಯತ್ಯಾಸ? ಅದಕ್ಕೆ ಎರಡು ಪಟ್ಟಿ ಮಾಡುತ್ತಾರೆ. ಒಂದು, ಆ ಮನುಷ್ಯನ ಡಿಎನ್‌ಎಯಲ್ಲಿ ಹುಟ್ಟಿನಿಂದ ಏನು ಬರೆದಿದೆ ಎಂಬುದು. ಎರಡು, ಹಾಗೆ ಬರೆದಿರುವ ಜೀನ್‌ಗಳ ಪೈಕಿ ಸದ್ಯ ಯಾವುದು ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಎಂಬುದು. ಎರಡೂ ಪಟ್ಟಿಗಳನ್ನು ಔಷಧದ ಫಲಿತಾಂಶದ ಜೊತೆ ಕೂಡಿಸಿ ನೋಡಿದರೆ, ಯಾವ ಬರಹ ಯಾವ ಜೀನನ್ನು ಎಬ್ಬಿಸಿ ಔಷಧಕ್ಕೆ ಕೋಶವನ್ನು ಮೆತ್ತಗೆ ಮಾಡುತ್ತದೆ ಎಂದು ಸುಳಿವು ಸಿಕ್ಕಬಹುದು.

ಅಕ್ಕ ಅರ್ಧ ನಿಮಿಷ ಯೋಚಿಸಿದಳು. "ಹಾಜರಿ ಪುಸ್ತಕದಾಗ ಹೆಸರು ಇರೋದು ಬ್ಯಾರೆ, ಹೊಲದಾಗ ಬಗ್ಗಿ ಕೆಲಸ ಮಾಡೋದು ಬ್ಯಾರೆ. ಇವರು ಎರಡೂ ನೋಡಾಕತ್ಯಾರ. ಛಲೋ ಐತಿ," ಅಂದಳು.

ಇದನ್ನು ಯಲ್ಲಪ್ಪನಿಗೆ ಹೇಳಿದೆ. ಅವನು ತನ್ನ ಪಿಎಚ್‌ಡಿಯ ಮೊದಲ ಪುಟದಲ್ಲಿ ಹಾಕಿಕೊಳ್ಳುತ್ತೇನೆಂದು ಪುಸ್ತಕ ತೆಗೆದು ಬರೆದುಕೊಂಡ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಬ್ರೆಡ್ ತಂದಿದ್ದರು. ಯಲ್ಲಪ್ಪ ತನ್ನ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಮೇಲೆ ಚಾಕೊಲೇಟಿನ ಸಣ್ಣ ಸಣ್ಣ ಕಾಳು ಉದುರಿಸಿಕೊಂಡ. ಮಾರೈಕೆಯೂ ಹಾಗೇ ಮಾಡಿದಳು. ಇಷ್ಟು ಓದಿದ ಜನ ಮಧ್ಯಾಹ್ನ ಮಕ್ಕಳ ತಿಂಡಿ ತಿನ್ನುವುದನ್ನು ಅಕ್ಕನಿಂದ ನೋಡಲಾಗಲಿಲ್ಲ. ಊರಿಂದ ಕಟ್ಟಿ ತಂದಿದ್ದ ಕಟಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಹಂಚಿದಳು. ಯಲ್ಲಪ್ಪ ಚಟ್ನಿಯನ್ನೂ ಚಾಕೊಲೇಟಿನ ಹಾಗೆ ಬ್ರೆಡ್ಡಿನ ತುಂಬ ಉದುರಿಸಿಕೊಂಡು ಕಚ್ಚಿದ. ಕಣ್ಣಲ್ಲಿ ನೀರು ಬಂತು. ಬಹಳ ಪ್ರಾಮಾಣಿಕವಾದ ರುಚಿ ಅಂದ.

ಪ್ರಾಮಾಣಿಕತೆ ಅಲ್ಲಿಯವರಿಗೆ ಉಪ್ಪಿನಷ್ಟು ಸಲೀಸು. ಮಧ್ಯಾಹ್ನ ನಾನು ನನ್ನ ಕೆಲಸದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಮುಗಿದ ಮೇಲೆ ಮಾರೈಕೆ ನಗುಮುಖದಿಂದ, ಮೊದಲ ಇಪ್ಪತ್ತು ನಿಮಿಷ ಬೇಜಾರು ಬಂತು, ಕೊನೆಯ ಹತ್ತು ನಿಮಿಷ ಚೆನ್ನಾಗಿತ್ತು ಅಂದಳು. ನಮ್ಮ ಕಾಲೇಜಿನಲ್ಲಿ ಇಂಥ ಮಾತಾಡಿದರೆ ಎರಡು ವರ್ಷ ಮುಖ ನೋಡುವುದಿಲ್ಲ. ಅವಳು ಮರುಕ್ಷಣವೇ ನನ್ನ ಕಪ್ಪಿಗೆ ಕಾಫಿ ಹಾಕಿ, ಶುಕ್ರವಾರದ ಸಭೆಯ ಬಗ್ಗೆ ಹೇಳತೊಡಗಿದಳು. ಆಸ್ಪತ್ರೆಯ ಡಾಕ್ಟರರು, ಔಷಧ ತೆಗೆದುಕೊಂಡ ರೋಗಿಗಳು ಬರುತ್ತಾರೆ. ಅವರೆದುರು ಯಲ್ಲಪ್ಪನ ಹೊಸ ಫಲಿತಾಂಶ ಹೇಳಬೇಕು. ಒಂದು ಜೀನ್ ಸಿಕ್ಕಿದೆ, ಬಹಳ ಚೆಂದದ ಚಿತ್ರ ಬಂದಿದೆ ಎಂದು ತೋರಿಸಿದಳು. ನಿಜಕ್ಕೂ ಚೆಂದವಿತ್ತು. ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಏರುವ ಗೆರೆ.

ಬುಧವಾರ

ನನಗೆ ಒಪ್ಪಿಸಿದ್ದು ಆ ಎರಡು ಪಟ್ಟಿಗಳನ್ನು ಕೂಡಿಸುವ ಲೆಕ್ಕವನ್ನು ಇನ್ನೊಮ್ಮೆ ಮಾಡುವುದು. ದೊಡ್ಡ ಲೆಕ್ಕಕ್ಕೆ ಕೈಹಾಕಲು ಹೆದರಿಕೆಯಾಗಿ, ಕೈ ಕುದುರಲಿ ಎಂದು ಬಾಲಬೋಧೆಯ ಪ್ರಶ್ನೆಯೊಂದನ್ನು ಹಾಕಿಕೊಂಡೆ: ಇವರಲ್ಲಿ ಗಂಡಸರು ಯಾರು, ಹೆಂಗಸರು ಯಾರು? ಡಿಎನ್‌ಎ ಪಟ್ಟಿ ನೋಡಿದರೆ ಅದು ತಿಳಿಯುತ್ತದೆ. ಜೀನ್ ಚಟುವಟಿಕೆಯ ಪಟ್ಟಿ ನೋಡಿದರೂ ತಿಳಿಯುತ್ತದೆ. ಹೆಂಗಸರ ಕೋಶಗಳಲ್ಲಿ ಮಾತ್ರ ಜೋರಾಗಿ ಕೆಲಸ ಮಾಡುವ ಒಂದು ಜೀನ್ ಇದೆ. ಗಂಡಸರಲ್ಲಿ ಮಾತ್ರ ಕೆಲಸ ಮಾಡುವ ಕೆಲವು ಇವೆ. ಎರಡೂ ಪಟ್ಟಿ ಒಂದೇ ಉತ್ತರ ಕೊಡಬೇಕು.

ಕೊಡಲಿಲ್ಲ. ಮೊದಲ ಪಟ್ಟಿಯಲ್ಲಿ ಗಂಡಸಾಗಿದ್ದ ಕೆಲವರು ಎರಡನೆಯ ಪಟ್ಟಿಯಲ್ಲಿ ನಿಸ್ಸಂಶಯವಾಗಿ ಹೆಂಗಸರಾಗಿದ್ದರು. ಕೆಲವು ಹೆಂಗಸರು ಗಂಡಸರಾಗಿದ್ದರು. ನಾನೇ ಎಲ್ಲೋ ಎಡವಿದ್ದೇನೆಂದು ಬೆವರು ಬಂತು. ಮೂರು ಸಲ ಮಾಡಿದೆ. ಮೂರು ಸಲವೂ ಅದೇ ಜನ ಬಟ್ಟೆ ಬದಲಾಯಿಸಿಕೊಂಡು ಎದುರು ನಿಂತರು. ಒಂದು ಮಾತ್ರ ಸ್ಪಷ್ಟವಾಯಿತು. ಎಲ್ಲರೂ ಒಂದೇ ತಟ್ಟೆಯವರು.

ತಟ್ಟೆ ಅಂದರೆ ತೊಂಬತ್ತಾರು ಸಣ್ಣ ಕುಳಿಗಳಿರುವ ಅಂಗೈಯಗಲದ ಪ್ಲಾಸ್ಟಿಕ್ ಹಲಗೆ. ಒಂದೊಂದು ಕುಳಿಯಲ್ಲಿ ಒಬ್ಬೊಬ್ಬರ ಮಾದರಿ. ಜೀನ್ ಚಟುವಟಿಕೆ ಅಳೆಯಲು ಇಂಥ ನಾಲ್ಕು ತಟ್ಟೆಗಳನ್ನು ಯಂತ್ರಕ್ಕೆ ಕೊಟ್ಟಿದ್ದರು. ಒಂದು, ಎರಡು ಮತ್ತು ನಾಲ್ಕನೆಯ ತಟ್ಟೆಗಳಲ್ಲಿ ಗಂಡಸರು ಗಂಡಸರಾಗಿಯೇ ಇದ್ದರು. ಮೂರನೆಯ ತಟ್ಟೆಯಲ್ಲಿ ಈ ಗೊಂದಲ.

ಗುರುವಾರ ಬೆಳಿಗ್ಗೆ

ಅಟ್ಟದ ಕಿಟಕಿಯ ಹತ್ತಿರ ಎರಡು ಹಾಳೆ ಹರಡಿಕೊಂಡು ಕೂತಿದ್ದೆ. ಎರಡರಲ್ಲೂ ಮೂರನೆಯ ತಟ್ಟೆಯ ಚಿತ್ರ. ಗಂಡಸರ ಕುಳಿಗೆ ಕಪ್ಪು ಚುಕ್ಕಿ, ಹೆಂಗಸರ ಕುಳಿ ಖಾಲಿ. ಒಂದು ಹಾಳೆ ಡಿಎನ್‌ಎ ಹೇಳಿದ್ದು, ಇನ್ನೊಂದು ಜೀನ್ ಚಟುವಟಿಕೆ ಹೇಳಿದ್ದು; ಮೇಲೆ ಇಂಗ್ಲಿಷಿನಲ್ಲಿ ಹಾಗೆಂದೇ ಬರೆದಿದ್ದೆ. ಅಕ್ಕ ತಲೆ ಬಾಚಿಕೊಳ್ಳುತ್ತ ಬಂದು, ಸಸಿ ಟ್ರೇ ಯಾಕ ಬರದಿ ಎಂದು ಕೇಳಿದಳು. ನಮ್ಮ ನರ್ಸರಿಗಳಲ್ಲಿ ಮೆಣಸಿನ ಸಸಿ ಎಬ್ಬಿಸುವ ಟ್ರೇಗಳೂ ಹೀಗೆಯೇ ಇರುತ್ತವೆ, ಸ್ವಲ್ಪ ದೊಡ್ಡವು, ಅಷ್ಟೇ. ನಾನು ಗಂಡಸರ, ಹೆಂಗಸರ ಕಥೆ ಹೇಳಿದೆ.

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಹೋದ ವರ್ಷ ಅವರ ಹೊಲದಲ್ಲಿಯೂ ಹೆಣ್ಣು ಸಾಲಿನಲ್ಲಿ ಗಂಡು ಗಿಡ ಬಂದಿದ್ದವಂತೆ. ಯಾರೋ ಟ್ರೇಯನ್ನು ಬಂಡಿಯಿಂದ ಇಳಿಸುವಾಗ ತಲೆ ಇದ್ದ ಕಡೆ ಬಾಲ ಮಾಡಿ ಇಟ್ಟಿದ್ದರು. ಹಾಗೆ ಹೇಳುತ್ತ ಅವಳು ಒಂದು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಲಿನ ಅಂಚು ಕೆಳಗೆ ಬರುವಂತೆ ತಿರುಗಿಸಿದಳು. ಇನ್ನೊಂದರ ಮೇಲಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಹೊರಗಿನ ಬೆಳಕಿನಲ್ಲಿ ಎರಡೂ ಹಾಳೆ ಒಂದಾಗಿ ಕಂಡವು. ಚುಕ್ಕಿಯ ಮೇಲೆ ಚುಕ್ಕಿ. ಒಂದೂ ತಪ್ಪಿರಲಿಲ್ಲ.

"ತಟ್ಟಿ ತಿರುವಿ ಇಟ್ಟಾರ," ಅಂದಳು ಅಕ್ಕ. ಆಮೇಲೆ ಹೆರಳು ಹಾಕಿಕೊಳ್ಳಲು ಹೋದಳು.

ನಾನು ಓಡಿ ಕಂಪ್ಯೂಟರ್ ತೆಗೆದು ಮೂರನೆಯ ತಟ್ಟೆಯನ್ನು ತಿರುಗಿಸಿ ಇಡೀ ಲೆಕ್ಕವನ್ನು ಮತ್ತೆ ಮಾಡಿದೆ. ಯಲ್ಲಪ್ಪನ ಚೆಂದದ ಗೆರೆ ಕೆಳಗಿನಿಂದ ಮೇಲಕ್ಕೆ ಏರುವುದನ್ನು ಬಿಟ್ಟು ಚಾಪೆಯ ಹಾಗೆ ಮಲಗಿತು. ಆ ಜೀನಿಗೂ ಔಷಧಕ್ಕೂ ಏನೂ ಸಂಬಂಧವಿರಲಿಲ್ಲ. ತಪ್ಪು ಹೆಸರಿನ ಜನ ಅಕಸ್ಮಾತ್ತಾಗಿ ಒಂದು ಸಾಲಿನಲ್ಲಿ ನಿಂತುಬಿಟ್ಟಿದ್ದರು.

ಈಗ ಇದನ್ನು ಹೇಳಬೇಕು. ಯಾರಿಗೆ? ನಮಗೆ ಅಟ್ಟ ಕೊಟ್ಟು, ಬೆಳಿಗ್ಗೆ ಮೊಟ್ಟೆ ಬೇಯಿಸಿಕೊಡುವ ಮಾರೈಕೆಗೆ. ಹೇಳಿದರೆ ಯಲ್ಲಪ್ಪನ ನಾಲ್ಕು ವರ್ಷದ ಕೆಲಸ ಹೋಗುತ್ತದೆ. ಅದೂ ಅಲ್ಲದೆ ಆ ದಿನ ಮಾರೈಕೆಯ ಹುಟ್ಟುಹಬ್ಬ, ಶೌಚಾಲಯದಲ್ಲಿ ನೋಡಿದ್ದೆ. ಸಭೆ ಮುಗಿದ ಮೇಲೆ ಮೆಲ್ಲಗೆ ಪತ್ರ ಬರೆದು ತಿಳಿಸೋಣ ಎಂದು ಅಕ್ಕನಿಗೆ ಹೇಳಿದೆ. ಅಕ್ಕ ಹೆರಳನ್ನು ಅರ್ಧಕ್ಕೇ ಬಿಟ್ಟಳು.

"ನಾಳಿ ಆ ಡಾಕ್ಟರ್ ಮಂದಿ ಕೇಳಿಸ್ಕೋತಾರ. ಇಂಥ ರಕ್ತದಾಕಿಗೆ ಔಷಧ ಹತ್ತತೈತಿ, ಇಂಥಾಕಿಗೆ ಹತ್ತೂದಿಲ್ಲ ಅಂತ ತಲ್ಯಾಗ ಇಟ್ಕೊಂಡು ಹೋಗ್ತಾರ. ಹಾಸಿಗಿ ಮ್ಯಾಲ ಇರಾಕಿ ಯಾರು ಅಂತ ನಿನಗೇನ ಗೊತ್ತೈತಿ?"

ಒಂದೇ ಸಭೆ ಕೇಳಿ ಯಾವ ಡಾಕ್ಟರೂ ಔಷಧ ಬದಲಾಯಿಸುವುದಿಲ್ಲ, ಅದಕ್ಕೆ ಇನ್ನೂ ಎಷ್ಟೋ ಪರೀಕ್ಷೆಗಳಿರುತ್ತವೆ ಎಂದು ವಿವರಿಸಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಎರಡೂ ಹಾಳೆಗಳನ್ನು ಮಡಚಿ ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು.

ಗುರುವಾರ ಸಂಜೆ

ಅಲ್ಲಿಯ ಹುಟ್ಟುಹಬ್ಬದ ರೀತಿ ವಿಚಿತ್ರ. ಕುರ್ಚಿಗಳನ್ನು ಗುಂಡಗೆ ಹಾಕಿ ಎಲ್ಲರೂ ಗೋಡೆಗೆ ಬೆನ್ನುಕೊಟ್ಟು ಕೂಡುತ್ತಾರೆ. ಹುಟ್ಟಿದವರಿಗೆ ಮಾತ್ರವಲ್ಲ, ಅವರ ಗಂಡನಿಗೆ, ತಂಗಿಗೆ, ನೆರೆಯವರಿಗೆ, ಬಂದವರಿಗೆಲ್ಲ ಕೈಕುಲುಕಿ ಅಭಿನಂದನೆ ಹೇಳುತ್ತಾರೆ. ಒಬ್ಬ ಮುದುಕ ನನ್ನ ಕೈ ಹಿಡಿದು ಮಾರೈಕೆಯ ಬಗ್ಗೆ ನನ್ನನ್ನು ಅಭಿನಂದಿಸಿದ. ಅಕ್ಕನಿಗೆ ಇದು ಅರ್ಥವಾಗದೆ, ಬಹುಶಃ ಮಾರೆವ್ವನಿಗೆ ಕೂಸು ಹುಟ್ಟಿರಬೇಕೆಂದು ಒಳಗೆ ತೊಟ್ಟಿಲು ಹುಡುಕಿ ಬಂದಳು. ಕಾಫಿಯ ಜೊತೆ ಒಂದೊಂದು ಚೂರು ಕೇಕು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದರು. ನಮ್ಮೂರಲ್ಲಾದರೆ ಸಾಕು ಅಂದಮೇಲೂ ಎರಡು ಸಲ ಬಡಿಸದಿದ್ದರೆ ಬಡಿಸಿದ ಹಾಗೆಯೇ ಅಲ್ಲ.

ಸಂಜೆ ಏಳಾದರೂ ಬಿಸಿಲು ಹಾಗೆಯೇ ಇತ್ತು. ಧೈರ್ಯ ಮಾಡಿ ಮಾರೈಕೆಯ ಪಕ್ಕದಲ್ಲಿ ಕೂತೆ. ಕೊಪ್ಪಳ ಜಿಲ್ಲೆಯ ರೀತಿಯಲ್ಲಿ ಮಾತು ಶುರುಮಾಡಿದೆ. ಮೊದಲು ಕೇಕನ್ನು ಹೊಗಳಿದೆ. ಆಮೇಲೆ ಅವರ ಕೆಲಸವನ್ನು ಹೊಗಳಿದೆ. ನನಗೆ ಅಷ್ಟೇನೂ ತಿಳಿಯುವುದಿಲ್ಲ, ಬಹುಶಃ ನನ್ನದೇ ತಪ್ಪಿರಬಹುದು, ಆದರೂ ಮೂರನೆಯ ತಟ್ಟೆಯ ಕಡೆ ಬಿಡುವಾದಾಗ ಒಮ್ಮೆ ಕಣ್ಣುಹಾಯಿಸಿದರೆ ತಪ್ಪಾಗಲಾರದೇನೋ ಅಂದೆ. ನಮ್ಮಲ್ಲಿ ಇಷ್ಟು ಹೇಳಿದರೆ ಮನೆಗೆ ಬೆಂಕಿ ಬಿದ್ದಿದೆ ಎಂದೇ ಅರ್ಥ. ಮಾರೈಕೆ ನನ್ನ ಭುಜ ತಟ್ಟಿ, ನಿನ್ನ ತಪ್ಪಾಗಿದ್ದರೆ ಚಿಂತೆಯಿಲ್ಲ, ಸೋಮವಾರದೊಳಗೆ ಸರಿಮಾಡು ಅಂದಳು. ಆಮೇಲೆ ಎದ್ದು ಯಾರನ್ನೋ ಅಭಿನಂದಿಸಲು ಹೋದಳು.

ಅಕ್ಕ ಎದುರಿನ ಕುರ್ಚಿಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಭಾಷೆ ಬಾರದಿದ್ದರೂ ನಾನು ಹೇಳಲಿಲ್ಲವೆಂದು ಅವಳಿಗೆ ತಿಳಿಯಿತು. ಕೇಕಿನ ತಟ್ಟೆ ಕೆಳಗಿಟ್ಟಳು. ಕೈಚೀಲದಿಂದ ಹಾಳೆಗಳನ್ನು ತೆಗೆದು ಸುತ್ತಿನ ನಟ್ಟನಡುವೆ ನಡೆದು, ಬೀದಿಯ ಕಡೆಯ ದೊಡ್ಡ ಕಿಟಕಿಗೆ ಹೋದಳು. ಅಲ್ಲಿಯವರು ಕಿಟಕಿಗೆ ಪರದೆ ಹಾಕುವುದಿಲ್ಲ. ಬಿಸಿಲು ನೇರ ಬರುತ್ತಿತ್ತು. "ಯಲ್ಲಪ್ಪ, ಬಾ ಇಲ್ಲಿ," ಎಂದು ಕರೆದಳು.

ಹಬ್ಬಕ್ಕೆ ಬಂದು ಸುತ್ತಿನಲ್ಲಿ ಕೂತಿದ್ದ ಅವನು ಎದ್ದು ಹೋದ. ಅಕ್ಕ ಹಾಳೆಗಳನ್ನು ಒಂದರ ಮೇಲೊಂದು ಗಾಜಿಗೆ ಹಿಡಿದಳು. ಚುಕ್ಕಿಗಳು ಕೂಡಲಿಲ್ಲ. ಆಮೇಲೆ ಮೇಲಿನ ಹಾಳೆಯನ್ನು ನಿಧಾನವಾಗಿ ತಲೆಕೆಳಗು ಮಾಡಿ ಹಿಡಿದಳು. ಎಲ್ಲ ಕೂಡಿದವು. ಹಾಳೆಯ ಮೂಲೆಯಲ್ಲಿ ನಾನು ಬರೆದಿದ್ದ ಮೂರು ಎಂಬ ಅಂಕಿಯ ಮೇಲೆ ಬೆರಳಿಟ್ಟಳು.

ಯಲ್ಲಪ್ಪನ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಾಯಿತು. ಮೂರನೆಯ ತಟ್ಟೆ ಎಂದು ಒಂದು ಸಲ ಅಂದ. ಯಾರನ್ನೂ ನೋಡದೆ ಕೋಟು ತೆಗೆದುಕೊಂಡು ಹೊರಗೆ ಹೋಗಿ ಸೈಕಲ್ಲಿನ ಬೀಗ ಬಿಚ್ಚತೊಡಗಿದ. ಮಾರೈಕೆ ಕಿಟಕಿಯ ಹತ್ತಿರ ಬಂದು, ಅಕ್ಕನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ತಾನೇ ಎರಡು ಸಲ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ನೀನು ಹೇಳಲು ಯತ್ನಿಸಿದ್ದು ಇದೇನಾ ಎಂದು ಕೇಳಿದಳು. ಹೌದು ಅಂದೆ. ಮುಂದೆ ಯಾವಾಗಲೂ ಕೇಕಿನಿಂದ ಶುರುಮಾಡಬೇಡ ಅಂದಳು.

ನೆರೆದವರನ್ನು ಅಲ್ಲಿಯೇ ಬಿಟ್ಟು ನಾವು ನಾಲ್ವರೂ ಪ್ರಯೋಗಾಲಯಕ್ಕೆ ಹೊರಟೆವು. ನಾನು ಮಾರೈಕೆಯ ಸೈಕಲ್ಲಿನ ಹಿಂದೆ, ಅಕ್ಕ ಯಲ್ಲಪ್ಪನ ಸೈಕಲ್ಲಿನ ಹಿಂದೆ, ಒಂದೇ ಬದಿಗೆ ಕಾಲು ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಭಾವನ ಲೂನಾದ ಹಿಂದೆ ಕೂತು ಸಂತೆಗೆ ಹೋದ ಅಭ್ಯಾಸ ಅವಳಿಗೆ. ಕೆಂಪು ಪಟ್ಟಿಯ ಮೇಲೆ ಈ ಸಲ ಗಂಟೆ ಬಾರಿಸುವ ಸರದಿ ನಮ್ಮದಾಗಿತ್ತು.

ತಣ್ಣನೆಯ ಕೋಣೆಯಿಂದ ಮೂರನೆಯ ತಟ್ಟೆಯನ್ನು ತಂದು ಬೆಳಕಿಗೆ ಹಿಡಿದರು. ಪ್ರತಿ ತಟ್ಟೆಯ ಒಂದು ಮೂಲೆ ಕತ್ತರಿಸಿದ ಹಾಗಿರುತ್ತದೆ, ತಲೆ ಯಾವ ಕಡೆ ಎಂದು ತಿಳಿಯಲು. ಯಂತ್ರ ಓದುವ ಚೀಟಿಯನ್ನು ಆ ಗುರುತು ನೋಡಿ ಅಂಟಿಸಬೇಕು. ಉಳಿದ ಮೂರರಲ್ಲಿ ಹಾಗೆಯೇ ಇತ್ತು. ಇದರಲ್ಲಿ ಚೀಟಿ ಎದುರು ಬದಿಗೆ ಇತ್ತು. ಚೀಟಿಯ ಮೇಲಿನ ತಾರೀಕು ನೋಡಿ ಯಲ್ಲಪ್ಪ ಸ್ಟೂಲಿನ ಮೇಲೆ ಕೂತುಬಿಟ್ಟ. ಅದು ಅವನ ಮಗಳು ಹುಟ್ಟಿದ ದಿನ. ಆಸ್ಪತ್ರೆಯಿಂದ ಫೋನು ಬಂದಾಗ ಅವನ ಕೈಯಲ್ಲಿದ್ದದ್ದು ಇದೇ ತಟ್ಟೆ.

ಅಕ್ಕನಿಗೆ ಅನುವಾದಿಸಿ ಹೇಳಿದೆ. ಅವಳು ಹೋಗಿ ಅವನ ತಲೆಯ ಮೇಲೆ ಕೈಯಿಟ್ಟಳು. ಅವನು ಕೂತಿದ್ದರಿಂದ ಮಾತ್ರ ಅದು ಸಾಧ್ಯವಾಯಿತು. "ಅಂಥಾ ದಿನ ಚೀಟಿ ಹಚ್ಚಿದ್ದs ದೊಡ್ಡದಾತು. ನಮ್ಮ ಯಜಮಾನ್ರು ಮಗಳು ಸಂಗವ್ವ ಹುಟ್ಟಿದ ದಿನ ಎತ್ತು ಮನ್ಯಾಗ ಬಿಟ್ಟು ನೊಗ ಹೊತ್ಕೊಂಡು ಹೊಲಕ್ಕ ಹೋಗಿದ್ರು," ಅಂದಳು.

ಇದನ್ನು ನಾನು ಅಕ್ಷರಶಃ ಅನುವಾದಿಸಿದೆ. ಯಲ್ಲಪ್ಪ ನಗಲು ಹೋಗಿ ಅತ್ತ. ಮಾರೈಕೆ ಕೈಕಟ್ಟಿಕೊಂಡು ಕಿಟಕಿಯಾಚೆ ನೋಡುತ್ತ ನಿಂತಳು. ಪ್ರತಿ ಪಟ್ಟಿಯನ್ನೂ ಬೇರೆ ಬೇರೆಯಾಗಿ ನಾವು ಪರೀಕ್ಷಿಸಿದ್ದೆವು, ಎರಡನ್ನೂ ಮುಖಾಮುಖಿ ನಿಲ್ಲಿಸಿ ಕೇಳಲೇ ಇಲ್ಲ, ಅದನ್ನು ಮಾಡಿಸಬೇಕಾಗಿದ್ದವಳು ನಾನು ಎಂದಳು. ಯಲ್ಲಪ್ಪನಿಗೆ ಒಂದು ಬಿರುಸು ಮಾತೂ ಆಡಲಿಲ್ಲ. ಅವರ ನೇರಮಾತು ತಮ್ಮ ಮೇಲೂ ಅಷ್ಟೇ ನೇರವಾಗಿ ಬೀಳುತ್ತದೆ ಎಂಬುದು ಆಗ ನನಗೆ ಗೊತ್ತಾಯಿತು.

ಶುಕ್ರವಾರ

ಸಭೆಯ ಕೋಣೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಡಾಕ್ಟರರು, ಹಿಂದೆ ಔಷಧ ತೆಗೆದುಕೊಂಡ ಜನ. ಕೆಲವರ ತಲೆಗೂದಲು ಆಗತಾನೇ ಮೊಳೆಯುತ್ತಿತ್ತು. ಮಾರೈಕೆ ಮೊದಲು ಆ ಚೆಂದದ ಗೆರೆಯ ಚಿತ್ರ ತೋರಿಸಿದಳು. ಜನ ಮುಂದಕ್ಕೆ ಬಾಗಿದರು. ನಿನ್ನೆ ಸಂಜೆಯವರೆಗೆ ನಾನು ಇದನ್ನು ನಿಮಗೆ ಹೇಳುವವಳಿದ್ದೆ ಅಂದಳು. ಆಮೇಲೆ ಎರಡು ಹಾಳೆಗಳನ್ನು ಎತ್ತಿ ಹಿಡಿದು, ಒಂದನ್ನು ತಿರುಗಿಸಿ, ನಡೆದದ್ದನ್ನೆಲ್ಲ ಹೇಳಿದಳು. ತಟ್ಟೆ ತಿರುಗಿಸಿದ ಮೇಲಿನ ಚಿತ್ರ ತೋರಿಸಿದಳು. ಗೆರೆ ಮಲಗಿತ್ತು. ಬೇರೆ ಕಡೆ ಒಂದೆರಡು ಮಸುಕಾದ ಸುಳಿವುಗಳಿವೆ, ಅವು ನಿಲ್ಲುತ್ತವೋ ಇಲ್ಲವೋ ಗೊತ್ತಿಲ್ಲ ಅಂದಳು. ತಪ್ಪು ಯಾರದೆಂದು ಒಬ್ಬ ಡಾಕ್ಟರ್ ಕೇಳಿದ. ಯಲ್ಲಪ್ಪ ಎದ್ದು ನಿಲ್ಲುವಷ್ಟರಲ್ಲಿ ಮಾರೈಕೆ, ನನ್ನ ಪ್ರಯೋಗಾಲಯದ್ದು ಎಂದು ಆ ಮಾತು ಮುಗಿಸಿದಳು.

ಅನುಭವದಿಂದ ತಜ್ಞೆಯಾದವರು ಮಾತಾಡಬೇಕು ಎಂದು ಅಕ್ಕನನ್ನು ಕರೆದರು. ಅಕ್ಕ ವೇದಿಕೆಗೆ ಹೋಗಿ ಎರಡೂ ಕೈಗಳನ್ನು ಎತ್ತಿ ತೋರಿಸಿದಳು. ಕ್ರಾಸಿಂಗಿನ ಬಗ್ಗೆ, ಬೆರಳಿನ ಬಗ್ಗೆ, ಕನಕಗಿರಿಯ ಹೆಂಗಸಿನ ಬಗ್ಗೆ ಹೇಳಿದಳು. ಆಮೇಲೆ ಮಾರೈಕೆಯ ಕಡೆ ತಿರುಗಿ, "ಆಕಿಗೆ ಯಾಕ ಆಗಲಿಲ್ಲ, ನನಗ ಯಾಕ ಆತು? ಇಷ್ಟ ಕೇಳಾಕ ಬಂದೀನಿ ನೋಡ್ರಿ," ಅಂದಳು.

ಅನುವಾದಿಸಿದೆ. ಮಾರೈಕೆ ನನ್ನನ್ನು ಬಿಟ್ಟು ಅಕ್ಕನ ಕಡೆಗೇ ತಿರುಗಿದಳು. ನಿಮ್ಮಿಬ್ಬರ ಜೀನ್‌ಗಳಲ್ಲಿ ಎಲ್ಲೋ ವ್ಯತ್ಯಾಸ ಇರಬಹುದು, ಅದೊಂದೇ ಕಾರಣವೂ ಅಲ್ಲದಿರಬಹುದು, ಹುಡುಕುತ್ತಿದ್ದೇವೆ, ಇವತ್ತಿಗೆ ನನಗೆ ಗೊತ್ತಿಲ್ಲ ಅಂದಳು.

ಗೊತ್ತಿಲ್ಲ ಎಂಬ ಆ ಮಾತನ್ನು ಅಕ್ಕನಿಗೆ ಹೇಗೆ ಹೇಳಲಿ ಎಂದು ಯೋಚಿಸಿದೆ. ಇಷ್ಟು ದಿನ ನಾನು ಮಾಡಿದ ಅನುವಾದಗಳು ನೆನಪಾಗಿ ನಾಚಿಕೆಯೂ ಆಯಿತು. ಹೇಳಿದ ಹಾಗೆಯೇ ಹೇಳಿದೆ. ಅಕ್ಕ ತಲೆಯಾಡಿಸಿದಳು.

"ಇಷ್ಟ ವರ್ಷಕ್ಕ ಗೊತ್ತಿಲ್ಲ ಅಂದಾಕಿ ಈಕಿ ಒಬ್ಬಾಕಿ. ಹುಡುಕ್ರಿ, ನಾ ಏನ್ ಅವಸರ ಮಾಡೂದಿಲ್ಲ. ನನ್ನ ರಕ್ತ ಬೇಕಂದ್ರ ತೊಗೊಳ್ರಿ. ಚೀಟಿ ಮಾತ್ರ ನಾನs ಹಚ್ಚತೀನಿ."

ಇದನ್ನು ಅನುವಾದಿಸಿದ ಮೇಲೆ ಹಿಂದಿನ ಸಾಲಿನ ಜನ ನಗತೊಡಗಿದರು. ಮೊಳೆಯುವ ಕೂದಲಿನ ಹೆಂಗಸೊಬ್ಬಳು ಎದ್ದು ಬಂದು ಅಕ್ಕನ ಬೆರಳುಗಳನ್ನು ತನ್ನ ಬೆರಳುಗಳಿಂದ ಹಿಡಿದುಕೊಂಡಳು. ತನ್ನವೂ ಹಾಗೆಯೇ ಆಗಿವೆ ಅಂದಳು. ನನ್ನ ಅನುವಾದ ಅವರಿಗೆ ಬೇಕಾಗಲಿಲ್ಲ. ರಕ್ತವನ್ನು ಮಾತ್ರ ಪ್ರಯೋಗಾಲಯದವರು ತೆಗೆದುಕೊಳ್ಳಲಿಲ್ಲ. ಅದಕ್ಕೆ ಬೇರೆ ನಿಯಮ, ಒಪ್ಪಿಗೆ ಇರುತ್ತವಂತೆ. ಅಕ್ಕನಿಗೆ ಸ್ವಲ್ಪ ಬೇಸರವಾಯಿತು.

ವಿಮಾನ ನಿಲ್ದಾಣ

ಉಳಿದ ದಿನಗಳು ತಟ್ಟೆಗಳ ಮರುಪರೀಕ್ಷೆಯಲ್ಲಿ ಕಳೆದವು. ಹೊರಡುವ ದಿನ ಮಾರೈಕೆಯೂ ಯಲ್ಲಪ್ಪನೂ ರೈಲಿನವರೆಗೆ ಬಂದರು. ಯಲ್ಲಪ್ಪನ ಪಿಎಚ್‌ಡಿ ಒಂದು ವರ್ಷ ಮುಂದೆ ಹೋಗಿತ್ತು. ಆದರೂ ಅವನು ಚಟ್ನಿಯ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಬೀಳ್ಕೊಡುವಾಗ ಕೆನ್ನೆಗೆ ಮೂರು ಸಲ ಮುತ್ತು ಕೊಡುವುದು ಅಲ್ಲಿಯವರ ರೂಢಿ. ಮಾರೈಕೆ ಕೊಟ್ಟಾಗ ಅಕ್ಕ ಸಹಿಸಿಕೊಂಡಳು. ಯಲ್ಲಪ್ಪ ಬಗ್ಗಿದ್ದು ನೋಡಿ ಗಾಬರಿಯಾಗಿ ಅವನ ಹಣೆ ನೇವರಿಸಿ ನೆಟಿಗೆ ಮುರಿದುಬಿಟ್ಟಳು. ಅದು ನಮ್ಮ ಕಡೆಯ ಅತಿ ದೊಡ್ಡ ಗೌರವವೆಂದು ತಿಳಿದು ಅವನು ಎರಡೂ ಕೈಯಿಂದ ಅಕ್ಕನ ನೆಟಿಗೆ ಮುರಿಯಲು ಯತ್ನಿಸಿದ. ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ನೋಡಿದರು.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಗಂಭೀರ ಮುಖದವನು. ಅಕ್ಕನ ಫೋಟೋವನ್ನೂ ಅಕ್ಕನನ್ನೂ ಎರಡು ಸಲ ಹೋಲಿಸಿ ನೋಡಿದ. ನಮ್ಮ ದೇಶದಲ್ಲಿ ಏನು ಮಾಡಿದಿರಿ ಎಂದು ಕೇಳಿದ. ಏನಂತ ಎಂದು ಅಕ್ಕ ಕೇಳಿದಳು. ಹೇಳಿದೆ.

"ಅವರ ಗಂಡಸರನ್ನ ಗಂಡಸರ ಸಾಲಿಗೆ, ಹೆಂಗಸರನ್ನ ಹೆಂಗಸರ ಸಾಲಿಗೆ ಹಚ್ಚಿ ಕೊಟ್ಟೀವಿ ಅಂತ ಹೇಳು," ಅಂದಳು ಅಕ್ಕ.

ಅಧಿಕಾರಿ ನನ್ನ ಕಡೆ ನೋಡಿದ. ಸರತಿಯಲ್ಲಿ ನಮ್ಮ ಹಿಂದೆ ಬಹಳ ಜನರಿದ್ದರು.

ಪ್ರವಾಸ ಅಂದೆ. ಅವನು ಮುದ್ರೆ ಒತ್ತಿದ.